ಹೊಸ ಹಲ್ಲಿನಲ್ಲಿ ಹಾಡಿದೆ

ಅಪ್ಪಾ,

ನಿನ್ನೆ ನನಗೂ ಪೂರ್ತಿ ಹಲ್ಲಿನ ಸೆಟ್ಟು ಹಾಕಿದರು. ಬಾಯಿ ನನ್ನದೇ ಅಲ್ಲವೆನ್ನಿಸುತ್ತಿತ್ತು. ಆದರೂ ಇವತ್ತು ಗ್ಲೇಸ್ ಬೇ ಊರಿನ ನಮ್ಮ ಚರ್ಚಿನಲ್ಲಿ, ನೀನು ನಿಲ್ಲುತ್ತಿದ್ದ ಜಾಗದಲ್ಲೇ ಹಾಡಲು ನಿಂತೆ. ಮೊದಲ ಸಾಲಿಗೇ ಮೇಲಿನ ಹಲ್ಲು ಜಾರಿ ಟಕ್ಕೆಂದಿತು.

ಪಕ್ಕದಲ್ಲಿದ್ದ ಗೆಳತಿ ಮೊರಾಗ್, "ನಿಲ್ಲಿಸ್ಬೇಡ ಕಣೇ, ನಾಲಿಗೇಲಿ ಒತ್ಕೊಂಡು ಹಾಡು. ನಂದೂ ಮೊದಲು ಹಿಂಗೇ ಕುಣೀತಿತ್ತು" ಅಂದಳು.

ಹಾಡಿದೆ. ಎತ್ತರದ ಸ್ವರಕ್ಕೆ ಅಂಗುಳಿಗಂಟಿದ ಸೆಟ್ಟಿನ ತಟ್ಟೆ ಕಂಪಿಸಿ ದನಿ ತಲೆಯೊಳಗೆಲ್ಲ ತುಂಬಿತು, ಮೈ ಜುಮ್ಮೆಂದಿತು.

ನೀನು ಹೊಸ ಹಲ್ಲಿನಲ್ಲಿ ಮೊದಲ ಸಲ ಹಾಡಿದ ಭಾನುವಾರ ನನಗೆ ಒಂಬತ್ತು ವರ್ಷ. ಹಲ್ಲು ಜಾರಿದಾಗ ಮೊದಲು ನಕ್ಕವಳು ನಾನೇ; ಆಮೇಲೆ ಇಡೀ ಚರ್ಚು ನಕ್ಕಿತು. ಮುಂದೆಂದೂ ನೀನು ಮನೆಯಲ್ಲೂ ಹಾಡಲಿಲ್ಲ. ಆದರೆ ಅಂದು ನೀನು, ಉಳಿದ ನಾಲ್ಕು ಚರಣಗಳನ್ನೂ ನನ್ನನ್ನೇ ನೋಡುತ್ತ ಕೊನೆಯವರೆಗೆ ಹಾಡಿದೆ. ಅದು ಹೇಗಪ್ಪಾ ಸಾಧ್ಯವಾಯಿತು?