ನಿನ್ನ ಫೋನಿಗೆ ಬರುತ್ತಿದ್ದ ಓಟಿಪಿ

ಮಾವಾ,

ಹನ್ನೊಂದನೇ ದಿನ ಊಟಕ್ಕೆ ಬಂದವರೆಲ್ಲ ನಿನ್ನನ್ನು ಹೊಗಳಿದರು. ಚಾಮರಾಜಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಎಂದರೆ ನೀನೇ ಎಂದರು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಎಲೆ ಮುಂದೆ ಕೂತವರು ಎದ್ದುಹೋಗುತ್ತಿದ್ದರು. ಈಗ ಬರೆಯುತ್ತಿರುವುದು ನಿನ್ನನ್ನು ಬೈಯುವುದಕ್ಕೆ. ಬದುಕಿದ್ದಾಗ ಅರ್ಧ ಕೇಳಿ ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದೆ. ಈಗ ಎಲ್ಲಿಗೆ ಹೋಗುತ್ತೀಯ?

ನಾನು ಹತ್ತನೇ ಕ್ಲಾಸನ್ನು ನಡುವೆ ಬಿಟ್ಟು ಮನೆಯಲ್ಲಿ ಕೂತಿದ್ದಾಗ, ಅಮ್ಮನ ಕೂಗಾಟ ತಾಳಲಾರದೆ ನೀನು ನನ್ನನ್ನು ನಿನ್ನ ರಿಪೇರಿ ಅಂಗಡಿಯ ಕೆಲಸಕ್ಕೆ ಕರೆದುಕೊಂಡು ಹೋದೆ. ಮೊದಲ ದಿನ ಬಸವನಗುಡಿಯ ಆಡಿಟರ್ ಆಫೀಸು. ಪ್ರಿಂಟರ್ ಕೆಲಸ ಮಾಡುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಪ್ರಿಂಟ್ ತಡೆಹಿಡಿಯುವ ಆಯ್ಕೆಗೆ ಯಾರೋ ಟಿಕ್ ಹಾಕಿಬಿಟ್ಟಿದ್ದರು, ಅಷ್ಟೇ. ನೀನು ಎಲ್ಲರನ್ನೂ ಆಚೆ ಕಳಿಸಿ ಆ ಟಿಕ್ ತೆಗೆದೆ. ಆಮೇಲೆ ಪ್ರಿಂಟರಿನ ಮುಚ್ಚಳ ತೆರೆದಿಟ್ಟು, ಅವರ ನ್ಯೂಸ್ ಪೇಪರನ್ನೇ ಎತ್ತಿಕೊಂಡು ಆರಾಮಾಗಿ ಓದುತ್ತಾ ಕೂತೆ. ಬೋರ್ಡಿನಲ್ಲಿ ತೊಂದರೆ ಇತ್ತು, ಸರಿ ಮಾಡಿದ್ದೇನೆ ಎಂದು ಆಡಿಟರಿಗೆ ಹೇಳಿದೆ. ಸುಳ್ಳು ಯಾಕೆ ಹೇಳಿದೆ ಎಂದು ದಾರಿಯಲ್ಲಿ ನಾನು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರ ನೆನಪಿದೆಯೇ?

"ಎದೆ ನೋವು ಅಂತ ಬಂದೋರಿಗೆ ಬರೀ ಗ್ಯಾಸು, ಎದ್ದು ಓಡಾಡಿ ಅಂದ್ಬಿಟ್ರೆ ಆ ಡಾಕ್ಟ್ರ ಹತ್ರ ಮತ್ತೆ ಯಾರು ಹೋಗ್ತಾರೇ?"

ಕಡೆಗೆ ನಿನಗೇ ಎದೆ ನೋವು ಬಂದಾಗ, ಬರೀ ಗ್ಯಾಸು ಎಂದು ಸೋಡಾ ಕುಡಿದು ಮಲಗಿದವನು ನೀನು...

ಮಲ್ಲೇಶ್ವರದ ಟ್ಯೂಷನ್ ಸೆಂಟರಿಗೆ ಹೊಸ ಇಮೇಲ್ ತೆರೆದುಕೊಟ್ಟ ದಿನ ನಿನ್ನ ದೊಡ್ಡ ಉಪಾಯ ನನಗೆ ಗೊತ್ತಾಯಿತು. ಪಾಸ್‌ವರ್ಡ್ ಮರೆತರೆ ಓಟಿಪಿ ಯಾವ ಫೋನಿಗೆ ಕಳಿಸಬೇಕು ಎಂದು ಕಂಪ್ಯೂಟರ್ ಕೇಳಿತು. ನೀನು ನಿನ್ನ ನಂಬರನ್ನೇ ಒತ್ತಿದೆ. ಅವರ ಕೆಲಸದವರು ಬದಲಾಗುತ್ತಿರುತ್ತಾರೆ, ನನ್ನ ನಂಬರಾದರೆ ಸ್ಥಿರ ಎಂದೆ. ಎಲ್ಲ ಆಫೀಸಿನಲ್ಲೂ ನೀನು ಮಾಡಿದ್ದು ಇದನ್ನೇ. ಯಾರದಾದರೂ ಮೇಲ್ ತೆರೆಯದಿದ್ದರೆ ಅವರು ನಿನಗೇ ಫೋನ್ ಮಾಡಬೇಕು. ನೀನು ಹೋಟೆಲಿನಲ್ಲಿ ದೋಸೆ ತಿನ್ನುತ್ತಾ, ಪೂಜಾರಿ ತೀರ್ಥ ಕೊಟ್ಟ ಹಾಗೆ ಒಂದೊಂದೇ ಅಂಕಿ ಕೊಡುತ್ತಿದ್ದೆ. ಇದು ಸರಿಯಲ್ಲ ಮಾವ ಎಂದು ಎಷ್ಟು ಸಲ ಜಗಳವಾಡಿದೆ ನಾನು? ಒಂದು ದಿನ ಸಾಯುತ್ತೇನೆ ಎಂಬುದು ನಿನ್ನ ತಲೆಗೇ ಬರಲಿಲ್ಲವೇ?

ನೀನು ಹೋಗಿ ತಿಂಗಳು ತುಂಬುವ ಮೊದಲು ಆಡಿಟರ್ ಸರ್ ಹೊಸ ಕಂಪ್ಯೂಟರ್ ತಂದರು. ಅದು ಓಟಿಪಿ ಕೇಳಿತು, ಮೇಲ್ ತೆರೆಯಲಿಲ್ಲ. ತೆರಿಗೆ ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಹತ್ತಿರ, ಗಿರಾಕಿಗಳು ಕಳಿಸಿದ ಕಾಗದವೆಲ್ಲ ಆ ಮೇಲ್ ಒಳಗೆ. ನನ್ನನ್ನು ಕರೆಸಿದರು. ಓಟಿಪಿ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದರು. ಇದ್ದದ್ದು ಹೇಳಿದೆ.

"ಅಂದ್ರೆ ನನ್ನ ಆಫೀಸಿನ ಬೀಗದ ಕೈ ಇಷ್ಟು ವರ್ಷ ನಿಮ್ಮಾವನ ಜೇಬಲ್ಲಿತ್ತಾ?"

"ಹೌದು ಸರ್," ಎಂದೆ.

ಅತ್ತೆಯ ಹತ್ತಿರ ಫೋನ್ ಕೇಳಲು ಹೋದರೆ, ಅದು ನಿನ್ನ ಫೋಟೋದ ಮುಂದೆ ಚಾರ್ಜಿಗೆ ಹಾಕಿಕೊಂಡು ಕೂತಿತ್ತು. ಫೋಟೋಗೆ ಹಾರ, ಫೋನಿನ ಮೇಲೆ ಒಂದು ಸೇವಂತಿಗೆ. ಮುಟ್ಟಲು ಬಿಡಲಿಲ್ಲ. ಓಟಿಪಿ ಬಂದರೆ ತಾನೇ ಓದಿ ಹೇಳುತ್ತೇನೆ ಎಂದರು. ಕನ್ನಡಕ ಹುಡುಕುವಷ್ಟರಲ್ಲಿ ಅದರ ಹೊತ್ತು ಮೀರಿಹೋಗುತ್ತಿತ್ತು. ಒಂದು ಸಲ ಕೊಡಿ, ಎಲ್ಲ ಆಫೀಸಿಗೂ ಅವರವರ ನಂಬರೇ ಹಾಕಿಕೊಟ್ಟು ಬರುತ್ತೇನೆ ಎಂದೆ. ಅತ್ತೆ ನನ್ನನ್ನು ಶತ್ರುವಿನಂತೆ ನೋಡಿದರು.

"ಅವ್ರ ಬೀಗ ಅವ್ರಿಗೇ ಕೊಟ್ಬಿಟ್ರೆ ನಾಳೆ ನಮ್ಮನ್ನ ಯಾರೇ ಕರೀತಾರೆ? ಅಂಗಡಿ ಬಾಡಿಗೆ ನಿಮ್ಮಪ್ಪ ಕಟ್ತಾನಾ?"

ಅವರ ಬಾಯಿಂದ ಬಂದದ್ದು ನಿನ್ನದೇ ಮಾತು. ಆಕೆಗೆ ನೀನು ಬಿಟ್ಟುಹೋದ ಆಸ್ತಿ ಇದೊಂದೇ ಅಲ್ಲವೇ, ಮಂದಿಯ ಕುತ್ತಿಗೆಗೆ ಕಟ್ಟಿದ ಹಗ್ಗ? ರೀಚಾರ್ಜ್ ನಿಂತರೆ ನಂಬರು ಬೇರೆ ಯಾರಿಗೋ ಹೋಗುತ್ತದೆ, ಅವನ ಕೈಗೆ ಇಷ್ಟೂ ಆಫೀಸಿನ ಮೇಲ್ ಸಿಗುತ್ತದೆ ಎಂದು ಬಿಡಿಸಿ ಹೇಳಿದೆ. ಹಾಗಾದರೆ ರೀಚಾರ್ಜ್ ಮಾಡಿಸುತ್ತಲೇ ಇರೋಣ ಎಂದರು. ಎಲ್ಲಿಯವರೆಗೆ ಎಂದು ಕೇಳಿದೆ. ಅನ್ನ ಹಾಕಿದವನ ಹೆಸರಿಗೆ ಮಸಿ ಬಳಿಯುತ್ತೀಯ ಎಂದು ಬೈದು ಬಾಗಿಲು ಹಾಕಿಕೊಂಡರು.

ಮಾರನೆಯ ದಿನ ಆಡಿಟರ್ ಸರ್ ತಾವೇ ಮನೆಗೆ ಬಂದರು. ಮತ್ತೊಮ್ಮೆ ಕೇಳಿನೋಡಲು ನಾನೂ ಅಲ್ಲಿಗೆ ಹೋಗಿದ್ದೆ. ಮಾತನಾಡಿಸಿಕೊಂಡು ಹೋಗಲು ಬಂದಿದ್ದಾರೆ ಎಂದುಕೊಂಡು ಅತ್ತೆ ಚಾಪೆ ಹಾಸಿದರು. ಅವರು ಕೂರಲಿಲ್ಲ. ಆಫೀಸಿನ ಹುಡುಗಿಗೆ ಫೋನ್ ಮಾಡಿ ಓಟಿಪಿ ಕಳಿಸಲು ಹೇಳಿದರು. ನಿನ್ನ ಫೋನ್ ಟಿಣ್ ಎಂದಿತು. ಅತ್ತೆ ಎತ್ತಿಕೊಂಡು ಓದಿದರು, ಒಂದು ಅಂಕಿ ತಪ್ಪಿತು. ಇನ್ನೊಮ್ಮೆ ಕಳಿಸಿದರು, ಇನ್ನೊಮ್ಮೆ ಓದಿದರು. ಆ ಕಡೆ ಮೇಲ್ ತೆರೆಯಿತು. ಆಡಿಟರ್ ಸರ್ ನಿನ್ನ ಫೋಟೋ ನೋಡಿದರು, ಕೈ ಮುಗಿಯಲಿಲ್ಲ.

"ಬೇಜಾರು ಮಾಡ್ಕೋಬೇಡಿ ಅಮ್ಮಾ. ಇದಕ್ಕೂ ಕಳ್ಳತನಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ."

ಅವರು ಹೋದ ಮೇಲೆ ಅತ್ತೆ ಆ ಚಾಪೆಯ ಮೇಲೆ ತಾವೇ ಕೂತರು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಆಡಿಟರ್ ಸರ್ ಹೇಳಿದ್ದು ಸುಳ್ಳು ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಕಡೆಗೆ ಅತ್ತೆ ವೈರ್ ಕಿತ್ತು ಫೋನನ್ನು ನನ್ನ ಮಡಿಲಿಗೆ ಹಾಕಿದರು.

"ತಗೊಂಡ್ಹೋಗು. ಎಲ್ಲಾ ಬಿಡಿಸ್ಬಿಟ್ಟು ಬಾ. ಆದ್ರೆ ಅವ್ರು ಬೇಕೂಂತ ಮಾಡಿದ್ರು ಅಂತ ಮಾತ್ರ ಹೇಳ್ಬೇಡ."

"ಕೇಳಿದ್ರೆ ಹೇಳ್ತೀನಿ ಅತ್ತೆ."

"ನಿನ್ನ ನಾಲಿಗೆಗೆ ಬೆಂಕಿ ಹಾಕ," ಎಂದರು. ಫೋನ್ ಮಾತ್ರ ವಾಪಸ್ ಕೇಳಲಿಲ್ಲ.

ಶೇಷಾದ್ರಿಪುರದಿಂದ ಗವಿಪುರದವರೆಗೆ ನಿನ್ನ ಸ್ಕೂಟರಿನಲ್ಲೇ ಸುತ್ತಿದೆ. ಎಲ್ಲ ಕಡೆಯೂ ಓಟಿಪಿ ನಿನ್ನ ಫೋನಿಗೆ ಬಂತು, ನಾನು ಒತ್ತಿದೆ, ನಿನ್ನ ನಂಬರ್ ಅಳಿಸಿ ಅವರದನ್ನು ಹಾಕಿದೆ. ಎಲ್ಲರೂ ಯಾಕೆ ಎಂದು ಕೇಳಿದರು. ಕೆಲವರು ನನ್ನನ್ನೇ ಬೈದರು. ಒಬ್ಬರು ಕೆಲಸ ಮುಗಿದ ಮೇಲೆ ಬಾಗಿಲವರೆಗೆ ಬಂದು, ಇನ್ನು ಈ ಕಡೆ ಬರಬೇಡ ಎಂದರು. ನಮ್ಮ ಬೀದಿಯ ಮದುವೆ ಕಾರ್ಡಿನ ಪ್ರೆಸ್ಸಿನ ಯಜಮಾನರು ಮಾತ್ರ ನಕ್ಕರು. "ನಿಮ್ಮಾವ ಕಳ್ಳ ಅಂತ ನಂಗೊತ್ತಿರ್ಲಿಲ್ವಾ? ಆದ್ರೆ ಭಾನುವಾರ ಫೋನ್ ಮಾಡಿದ್ರೂ ಎತ್ತೋನು ಅವನೊಬ್ನೇ ಕಣಮ್ಮಾ," ಎಂದರು. ಇದನ್ನು ಹೊಗಳಿಕೆ ಎಂದುಕೊಳ್ಳಬೇಡ. ಫೋನ್ ಎತ್ತುವುದೇ ಸಾಕಾಗಿದ್ದರೆ, ಬೀಗದ ಕೈ ಯಾಕೆ ಬೇಕಿತ್ತು ನಿನಗೆ? ಅದಿಲ್ಲದಿದ್ದರೂ ಜನ ನಿನ್ನನ್ನೇ ಕರೆಯುತ್ತಿದ್ದರು ಎಂದು ನಂಬಲು ಅಷ್ಟು ಕಷ್ಟವಾಯಿತೇ...

ನಿನಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ಅತ್ತೆ ಹೆದರಿದ್ದು ಸುಳ್ಳಾಗಲಿಲ್ಲ. ಅರ್ಧಕ್ಕಿಂತ ಹೆಚ್ಚು ಆಫೀಸುಗಳು ಕೈಬಿಟ್ಟಿವೆ. ಅಂಗಡಿಯ ಮುಂದಿನ ಭಾಗವನ್ನು ಜೆರಾಕ್ಸ್ ಇಡುವವರಿಗೆ ಬಿಟ್ಟುಕೊಟ್ಟು ನಾವು ಹಿಂದಕ್ಕೆ ಸರಿದಿದ್ದೇವೆ. ಗಿರಾಕಿಗಳಿಗೆ ಈಗ ಅತ್ತೆಯ ನಂಬರ್ ಕೊಟ್ಟಿದ್ದೇವೆ, ಫೋನ್ ಎತ್ತುವುದು ಅವರೇ. ಪ್ರಿಂಟ್ ಬರುತ್ತಿಲ್ಲ ಎಂದರೆ, ಕೇಬಲ್ ಸರಿಯಾಗಿ ಕೂತಿದೆಯೇ, ಮಳೆಗೆ ಪೇಪರ್ ತೇವ ಹಿಡಿದಿದೆಯೇ ನೋಡಿ, ಒಂದು ಸಲ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಮೇಲ್ ಹೋಗುತ್ತಿಲ್ಲ ಎಂದರೆ, ಹಳೆಯದನ್ನು ಅಳಿಸಿ ಜಾಗ ಮಾಡಿ ಎನ್ನುತ್ತಾರೆ. ಸರಿಹೋದರೆ ನಾವು ಹೋಗುವುದೂ ಇಲ್ಲ, ಕಾಸು ಕೇಳುವುದೂ ಇಲ್ಲ. ಹೀಗೆ ಎಷ್ಟು ದಿನ ನಡೆದೀತು ಎಂದು ನನಗೂ ಗೊತ್ತಿಲ್ಲ. ಅತ್ತೆ ನನ್ನ ಜೊತೆ ಇನ್ನೂ ಸರಿಯಾಗಿ ಮಾತನಾಡುವುದಿಲ್ಲ. ಊಟ ಮಾತ್ರ ಇಬ್ಬರೂ ಒಟ್ಟಿಗೆ ಮಾಡುತ್ತೇವೆ.

ನಿನ್ನ ನಂಬರಿನ ರೀಚಾರ್ಜ್ ಮೊನ್ನೆ ಮುಗಿಯಿತು. ಹಾಕಿಸಲೇ ಎಂದು ಕೇಳಿದೆ. ಅತ್ತೆ ಬೇಡ ಎಂದರು. ಇನ್ನು ಸ್ವಲ್ಪ ದಿನಕ್ಕೆ ಅದು ಯಾರೋ ಗುರುತಿಲ್ಲದವನ ಪಾಲಾಗುತ್ತದೆ. ಆಗಲಿ. ಆ ನಂಬರಿಟ್ಟುಕೊಂಡು ಅವನು ಈ ಊರಿನಲ್ಲಿ ಯಾರ ಬಾಗಿಲನ್ನೂ ತೆಗೆಯಲಾರ.

ನಿನ್ನ ಅಕ್ಕನ ಮಗಳು,
ಚೈತ್ರ