ಕೇಳಲು ತೊಂದರೆ ಇದೆಯೇ?

ಖಾದರ್ ಭಾಯಿಗೆ, ಭಾಲ್ಕಿಯಿಂದ ನಿನ್ನ ಕಾರಕೂನನ ಸಲಾಂ.

ಇವತ್ತು ಬೆಳಿಗ್ಗೆ ಔರಾದಿನಲ್ಲಿ ನಿನ್ನ ಮನೆಯಲ್ಲೇ ಕೂತಿದ್ದೆ. ರಬಿಯಾ ಭಾಬಿ ಚಹಾ ಇಟ್ಟು ಒಳಗೆ ಹೋಗುವಷ್ಟರಲ್ಲಿ ಕಪಾಟಿನ ಮೇಲಿದ್ದ ನಿನ್ನ ಫೋನು ಬಡಕೊಳ್ಳತೊಡಗಿತು. ನೀನು ಹೋಗಿ ಏಳು ತಿಂಗಳಾದರೂ ಭಾಬಿ ಅದನ್ನು ಚಾರ್ಜಿಗೆ ಹಾಕುವುದು ಬಿಟ್ಟಿಲ್ಲ. ಎತ್ತಿದೆ. ಆ ಕಡೆ ಒಬ್ಬ ಹೆಣ್ಣುಮಗಳು, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ದನಿ. ಮಾಜಿ ಸೈನಿಕರ ಸೇವೆಗಾಗಿ ತಾವು ಸರ್ಕಾರದ ಜೊತೆ ಕೈಜೋಡಿಸಿದ್ದಾರಂತೆ. ನಿಮಗೆ ತಲುಪಿದ ಶ್ರವಣ ಯಂತ್ರದಿಂದ ತೃಪ್ತಿಯಾಗಿದ್ದರೆ ಒಂದನ್ನು ಒತ್ತಿ, ಆಗಿರದಿದ್ದರೆ ಎರಡನ್ನು ಒತ್ತಿ. ಕಿವಿ ಕೇಳದವನಿಗೆ ಫೋನಿನಲ್ಲಿ ಪ್ರಶ್ನೆ, ಅದೂ ಕಬರಸ್ತಾನ ಸೇರಿದವನಿಗೆ. ಥೂ ಇವರ... ಬೇಡ ಬಿಡು, ನಿನ್ನ ಮನೆಯಲ್ಲಿ ಬಾಯಿ ಹೊಲಸು ಮಾಡಿಕೊಳ್ಳಬಾರದು ಎಂದು ಹಲ್ಲು ಕಚ್ಚಿ ಫೋನಿಟ್ಟೆ. ಬಸ್ಸಿನಲ್ಲಿ ಭಾಲ್ಕಿಗೆ ಬರುವಾಗ ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಅದಕ್ಕೇ ಊಟ ಕೂಡ ಮಾಡದೆ ಬರೆಯಲು ಕೂತಿದ್ದೇನೆ.

ನಾವಿಬ್ಬರೂ ಬೀದರಿನ ಮೈದಾನದಲ್ಲಿ ಸೈನ್ಯದ ಭರ್ತಿಗೆ ಬನಿಯನ್ ಕೂಡ ಇಲ್ಲದೆ ಸಾಲು ನಿಂತ ದಿನ ನೆನಪಿದೆಯಾ? ಕಿವಿ ಪರೀಕ್ಷೆ ಮಾಡುವ ಡಾಕ್ಟರು ಹಿಂದೆ ದೂರ ನಿಂತು ಪಿಸುಗುಟ್ಟುತ್ತಿದ್ದರು, ಅದನ್ನು ನಾವು ತಿರುಗಿ ಹೇಳಬೇಕಿತ್ತು. ನೀನು ಅವರು ಹೇಳಿದ ಅಂಕಿ ಹೇಳಿದ್ದಲ್ಲದೆ, ಕಂಪೌಂಡರನಿಗೆ ಅವರು ಗೊಣಗಿದ "ಚಾಯ್ ಕಹಾಂ ಹೈ"ಯನ್ನೂ ಹೇಳಿಬಿಟ್ಟೆ. ಇಡೀ ಸಾಲು ನಕ್ಕಿತು. ಅಂಥ ಕಿವಿ ನಿನ್ನದು. ನನ್ನ ಅಕ್ಷರ ಚೆಂದ ಎಂದು ನನ್ನನ್ನು ಕಾರಕೂನ ಮಾಡಿದರು, ನಿನ್ನನ್ನು ತೋಪಿನ ಹತ್ತಿರ ನಿಲ್ಲಿಸಿದರು. ಕಿವಿಯಲ್ಲಿ ಹತ್ತಿ ತುರುಕಿಕೊಂಡು ಹದಿನೇಳು ವರ್ಷ ತೋಪು ಹಾರಿಸಿದೆ. ತಿರುಗಿ ಊರಿಗೆ ಬಂದಾಗ ಹಿಂದಿನಿಂದ ಯಾರು ಸಲಾಂ ಅಂದರೂ ನಿನಗೆ ಗೊತ್ತಾಗುತ್ತಿರಲಿಲ್ಲ. ಔರಾದಿನ ಜನ ಖಾದರನಿಗೆ ಸೊಕ್ಕು ಬಂದಿದೆ ಎಂದರು. ಅವರಿಗೆ ನಿಜ ಹೇಳಿ ಹೇಳಿ ನನಗೇ ಸಾಕಾಗಿತ್ತು.

ಭಾಲ್ಕಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಒಂದು ಸಂಜೆ ನೀನು ಶಾಹೀನಳ ನಿಕಾಹ್ ಗೊತ್ತಾದ ಸುದ್ದಿ ಹೇಳಿದೆ. ಹುಡುಗಿಯ ಒಪ್ಪಿಗೆ ಕೇಳಲು ಒಳಗೆ ಹೋಗುವ ವಕೀಲ್ ನೀನೇ, ತಂದೆಯೇ ಹೋಗುವುದು ನಿಮ್ಮ ಮನೆಯ ಪದ್ಧತಿ. "ವೈಜೂ, ನನಗ ಮತ್ತೇನೂ ಬ್ಯಾಡ. ನನ್ನ ಮಗಳ ಕುಬೂಲ್ ಅನ್ನೂ ಮಾತು ನನ್ನ ಕಿವೀಲೆ ಕೇಳಬೇಕು, ಅಷ್ಟ." ಹಾಗಾದರೆ ಬೀದರಿನ ಅಂಗಡಿಯಲ್ಲೇ ಒಂದು ಯಂತ್ರ ತೊಗೊಳ್ಳೋಣ ನಡಿ ಎಂದು ನಾನು ನಿನ್ನ ಕಿವಿಯ ಹತ್ತಿರ ಒದರಿದೆ. ನೀನು ಕೈ ಕೊಡವಿದೆ. "ಕಿವಿ ತೊಗೊಂಡವರು ಸರ್ಕಾರದವರು, ತಿರುಗಿ ಕೊಡೂದೂ ಅವರದೇ ಕೆಲಸ." ಆ ಹಟಕ್ಕೆ ನಾನು ಏನು ಹೇಳಲಿ? ಬೀದರಿನ ಸೈನಿಕ ಕಲ್ಯಾಣ ಕಚೇರಿಗೆ ನಾಲ್ಕು ಅರ್ಜಿ ಬರೆದೆ. ಕಚೇರಿಯಲ್ಲಿ ಇರುವ ಮೂರೋ ನಾಲ್ಕೋ ಜನ ಇಡೀ ಜಿಲ್ಲೆಯ ಮಾಜಿ ಸೈನಿಕರನ್ನು ನೋಡಲಾರರು, ಹೊರಗಿನ ಸಂಸ್ಥೆಗಳನ್ನಾದರೂ ಜೊತೆಗೆ ಸೇರಿಸಿಕೊಳ್ಳಿ ಎಂದು ಆ ಅರ್ಜಿಗಳಲ್ಲಿ ಬುದ್ಧಿ ಹೇಳಿದವನೂ ನಾನೇ. ಈ ಮಾತನ್ನು ಇವತ್ತು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಸಂಸ್ಥೆಯವರು ಬಂದರಲ್ಲ, ಆ ಮೊದಲ ಶಿಬಿರದ ಸಡಗರ ನೋಡಬೇಕಿತ್ತು. ನೋಡಿದ್ದೀಯಲ್ಲ, ನಿನಗೇ ಹೇಳುತ್ತಿದ್ದೇನೆ. ಬೀದರಿನ ಆ ಸಭಾಂಗಣದ ಬಾಗಿಲಿಗೆ ಬಾಳೆಗಿಡ, ಗೋಡೆ ತುಂಬ ಬ್ಯಾನರು, ಒಂದೇ ಬಣ್ಣದ ಅಂಗಿ ಹಾಕಿದವರು ನಮ್ಮನ್ನೆಲ್ಲ "ಹೀರೋ" ಎಂದು ಕರೆಯುವುದು. ಮೊಣಕಾಲು ಹಿಡಿದು ಮೆಟ್ಟಿಲು ಹತ್ತುವವರಿಗೆ ಒಂದು ಕುರ್ಚಿ ಕೊಡಲಿಲ್ಲ, ಎಲ್ಲರಿಗೂ ನೀರಿನ ಬಾಟಲಿ ಮತ್ತು ಹೆಸರು ಬರೆದ ಚೀಲ ಕೊಟ್ಟರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಪ್ರತಿ ಸಲ ನಿನ್ನ ಕಾಗದ ತುಂಬುತ್ತಿದ್ದವನು ನಾನು. ಆವತ್ತು ಮಾತ್ರ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು, ಸಹಭಾಗಿತ್ವದ ಬಗ್ಗೆ ಎರಡು ಮಾತು ಆಡಿ ಎಂದರು. ಎರಡಲ್ಲ, ಇಪ್ಪತ್ತು ಮಾತು ಆಡಿದೆ. ಮೇಲಿಂದ ನೋಡಿದರೆ ನೀನು ಹಿಂದಿನ ಸಾಲಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟು, ಅದರ ಮೇಲೆ ಫಾರಮ್ಮು ಇಟ್ಟು, ತಲೆ ಬಗ್ಗಿಸಿ ಬರೆಯುತ್ತಿದ್ದೆ. ಕೆಳಗಿಳಿದು ಬಂದು ಒಮ್ಮೆ ನೋಡಬೇಕಿತ್ತೋ ಇಲ್ಲವೋ? ಶಾಲು ಕಿತ್ತು ಎಸೆದು ಬರಬೇಕಿತ್ತು. ಫೋಟೋದವನು ಇನ್ನೊಂದು ಸಲ ನಗಿರಿ ಎಂದ, ನಾನು ನಕ್ಕೆ.

ಎರಡು ತಿಂಗಳಿಗೆ ನಿನ್ನ ಹೆಸರಿನ ಮುಂದೆ "ಅನರ್ಹ" ಎಂದು ಬಂತು. ಆಗ ನಾವು ಬೀದರಿಗೆ ಹೋದದ್ದು ಎಷ್ಟು ಸಲ, ಲೆಕ್ಕ ಇಟ್ಟಿದ್ದೀಯಾ? ನೀನು ಔರಾದಿನಿಂದ, ನಾನು ಭಾಲ್ಕಿಯಿಂದ, ಬಸ್ ನಿಲ್ದಾಣದ ಹೊರಗೆ ಸೇರಿ ಒಂದೇ ಆಟೋದಲ್ಲಿ ಹೋಗುವುದು. ಕಚೇರಿಯವರು ಈಗ ಎಲ್ಲಾ ಸಂಸ್ಥೆಯವರ ಕೈಯಾಗ ಅದ, ಅವರನ್ನ ಕೇಳ್ರಿ ಅನ್ನುವರು. ಸಂಸ್ಥೆಯವರು ನಾವು ಬರೀ ಸಹಾಯಕ್ಕ ಬಂದವರು, ಕಚೇರಿಯವರನ್ನ ಕೇಳ್ರಿ ಅನ್ನುವರು. ಯಾಕೆ ಅನರ್ಹ ಎಂದು ಒಬ್ಬನೂ ಬಾಯಿ ಬಿಡಲಿಲ್ಲ, ಕಾಗದ ತೋರಿಸಲಿಲ್ಲ. ಮೊದಲು ಒಂದೇ ಬಾಗಿಲು ತಟ್ಟುತ್ತಿದ್ದೆವು, ಅವರು ಕೈಜೋಡಿಸಿದ ಮೇಲೆ ಎರಡಾದವು, ಎರಡೂ ಮುಚ್ಚಿದ್ದವು. ನಾನು ಕಿರುಚಾಡಿ ಹೊರಗೆ ಬಂದಾಗ ನೀನು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತು ಹಲ್ಲು ಕಿರಿದೆ. "ನಿಮ್ಮ ಕನ್ನಡ ಭಾಳ ಮಜಾ ಅದ ನೋಡು. ಕಿವೀಲೆ ಸುನನಾ ಅಂದ್ರೂ ಕೇಳೂದು, ಬಾಯೀಲೆ ಪೂಛನಾ ಅಂದ್ರೂ ಕೇಳೂದು. ಅವರು ಕೇಳ್ರಿ ಕೇಳ್ರಿ ಅಂತಾರ, ನನಗ ಕೇಳಂಗೇ ಇಲ್ಲ." ಇಬ್ಬರೂ ನಕ್ಕೆವು. ಉತ್ತರ ನಮ್ಮ ಬಾಯಲ್ಲೇ ಇತ್ತು ಭಾಯಿ, ಆ ಕ್ಷಣಕ್ಕೆ ನನ್ನ ತಲೆಗೆ ಹೊಳೆಯಲಿಲ್ಲ.

ನಿಕಾಹ್ ದಿನ ನೀನು ಹೊಸ ಶೇರವಾನಿ ಹಾಕಿ, ಇಬ್ಬರು ಸಾಕ್ಷಿಗಳ ಜೊತೆ ಹೆಂಗಸರ ಕೋಣೆಗೆ ಹೋಗಿದ್ದು, ತಿರುಗಿ ಬಂದದ್ದು ನನ್ನ ಕಣ್ಣ ಮುಂದೆಯೇ ಇದೆ. ಕಾಜಿಯವರ ಹತ್ತಿರ ಹೋಗಿ ಹೇಳುವುದನ್ನು ಹೇಳಿದೆ. ಆಮೇಲೆ ಪೆಂಡಾಲಿನ ಹಿಂದೆ, ಅಡಿಗೆಯ ದೇಗ್‌ಗಳ ಹತ್ತಿರ ಬಂದು ನನ್ನ ಪಕ್ಕದಲ್ಲಿ ಕೂತೆ. "ಮುಖದ ಮ್ಯಾಲೆ ದುಪಟ್ಟಾ ಇತ್ತು. ಏನಂದಳೋ ಕೇಳಲಿಲ್ಲ. ಸಾಕ್ಷಿಯವರು ಗೋಣು ಹಾಕಿದ್ರು, ನಾನೂ ಹಾಕ್ದೆ." ಹದಿನೇಳು ವರ್ಷ ತೋಪಿನ ಸದ್ದು ಕುಡಿದ ಕಿವಿಗೆ ಮಗಳ ಒಂದು ಶಬ್ದ ದಕ್ಕಲಿಲ್ಲ ಎಂದು ನೀನು ಕೊನೆಯ ತನಕ ಕೊರಗಿದೆ. ನಿನ್ನನ್ನು ಮಣ್ಣು ಮಾಡಿ ಬಂದ ದಿನ ಭಾಬಿ ಹೇಳಿದ್ದೂ ಅದನ್ನೇ.

ನೀನು ಹೋದ ಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನಿನ್ನ ಫಾರಮ್ಮಿನ ನಕಲು ತರಿಸಿದೆ. ಅದು ಬಂದ ದಿನ ಇದೇ ಮೇಜಿನ ಮೇಲೆ ಬಿಡಿಸಿ ನೋಡಿದೆ. ಹತ್ತನೇ ಪ್ರಶ್ನೆ: ಈ ಸೌಲಭ್ಯವನ್ನು ಹಿಂದೆ ಕೋರಿದ್ದೀರಾ? ನಾಲ್ಕು ಸಲ ಕೋರಿದ್ದೇನೆ ಎಂದು ನೀನು ಬರೆದಿದ್ದೆ. ಹನ್ನೊಂದನೇ ಪ್ರಶ್ನೆ: ನಿಮಗೆ ಕೇಳಲು ತೊಂದರೆ ಇದೆಯೇ? ಯಾವ ಪುಣ್ಯಾತ್ಮ ಯಾವ ಊರಲ್ಲಿ ಕೂತು ಇಂಗ್ಲಿಷಿನಿಂದ ಇದನ್ನು ಕನ್ನಡ ಮಾಡಿದನೋ. ಅವನು ಕೇಳಿದ್ದು ಕಿವಿಯ ಬಗ್ಗೆ, ನೀನು ಓದಿಕೊಂಡದ್ದು ಬಾಯಿಯ ಬಗ್ಗೆ. ಔರಾದಿನ ಕನ್ನಡ ಶಾಲೆಯ ದುಂಡು ಅಕ್ಷರದಲ್ಲಿ ನೀನು ಬರೆದಿದ್ದೆ: "ಇಲ್ಲ. ನನ್ನ ಹಕ್ಕನ್ನು ಕೇಳಲು ನನಗೆ ಯಾವ ತೊಂದರೆಯೂ ಇಲ್ಲ." ಮೊದಲು ನಗು ಬಂತು. ಆಮೇಲೆ ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಶ್ರವಣ ಯಂತ್ರ ಬೇಕೆಂದು ಮೇಲೆ ಗುರುತು ಹಾಕಿದವನು ಕೆಳಗೆ ತೊಂದರೆ ಇಲ್ಲ ಎಂದರೆ, ಇದೇನು ಎಂದು ಅವನನ್ನೇ ಒಂದು ಮಾತು ಕೇಳಬೇಡವೇ? ಅಷ್ಟು ಜನ, ಅಷ್ಟು ಕಂಪ್ಯೂಟರು, ಕೇಳುವವರು ಒಬ್ಬರೂ ಇಲ್ಲ. ನಾನಾದರೂ ಆವತ್ತು ನಿನ್ನ ಪಕ್ಕ ಕೂತಿದ್ದರೆ...

ಮುಂದಿನ ಶಿಬಿರಕ್ಕೆ ಮತ್ತೆ ನನ್ನನ್ನು ಮಾತಾಡಲು ಕರೆದರು. ಹೋದೆ. ಶಾಲು ತಂದವನನ್ನು ಅಲ್ಲೇ ನಿಲ್ಲಿಸಿ, ಹನ್ನೊಂದನೇ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ಇದಕ್ಕೆ ಏನು ಬರೆದಿದ್ದೀರಿ ಹೇಳ್ರಿ ಎಂದು ಕೂತವರನ್ನು ಕೇಳಿದೆ. ಕಮಲನಗರದಿಂದ ಬಂದ, ನಿನ್ನ ಹಾಗೇ ತೋಪಿನವನಾದ ನಾಮದೇವ ಎದ್ದು ನಿಂತ. ಅವನಿಗೂ ಕಿವಿ ಕೇಳದು, ಪಕ್ಕ ಕೂತ ಮಗಳು ಫಾರಮ್ಮಿನಲ್ಲಿ ಪ್ರಶ್ನೆಯನ್ನು ಬೆರಳಿಟ್ಟು ತೋರಿಸಿದ್ದಳು. "ಕೇಳ್ಲಿಕ್ಕ ಎಂಥಾ ತೊಂದ್ರಿರಿ? ನಾವೇನ್ ಭಿಕ್ಷಾ ಬೇಡ್ತೇವೇನು?" ಎಂದ. ಸಭೆಯಲ್ಲಿ ಅರ್ಧ ಜನ ಹೌದೌದು ಎಂದರು. ಸಂಸ್ಥೆಯವರು ಮುಂದಿನ ಭಾಷಣದವರನ್ನು ಕರೆಯಲು ಹೊರಟರು. ಕಚೇರಿಗೆ ಹೊಸದಾಗಿ ಬಂದ ಅಧಿಕಾರಿ ಹೆಣ್ಣುಮಗಳು ಮಾತ್ರ ವೇದಿಕೆಯಿಂದ ಇಳಿದು ಬಂದು ನಿನ್ನ ಫಾರಮ್ಮನ್ನು ಇಸಕೊಂಡು ಪೂರ್ತಿ ಓದಿದರು. ನಗಲಿಲ್ಲ. ಬರೆದು ಕೊಡಿ ಎಂದರು, ಬರೆದು ಕೊಟ್ಟೆ. ಎರಡನೇ ಪ್ಯಾರಾದಲ್ಲಿ ಅರ್ಜಿದಾರ ತೀರಿಕೊಂಡಿದ್ದಾನೆ ಎಂದೂ ಬರೆದಿದ್ದೆ. ಅವರ ಕೆಳಗಿನವರು, ಸಂಸ್ಥೆಯವರು ಯಾರೂ ಮೊದಲನೇ ಪ್ಯಾರಾ ದಾಟಲಿಲ್ಲ ಅಂತ ಕಾಣುತ್ತದೆ. ಹೋದ ವಾರ ಯಂತ್ರದ ಡಬ್ಬಿ ನಿನ್ನ ಹೆಸರಿಗೆ ಔರಾದಿಗೆ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರಂತೆ. ಬೆನ್ನಿಗೇ ಸಂಸ್ಥೆಯಿಂದ ನನಗೆ ಒಂದು ಫೋನು, ಫಲಾನುಭವಿ ಯಂತ್ರ ಹಾಕಿಕೊಂಡ ಫೋಟೋ ಬೇಕಂತೆ. ಅವರು ತೀರಿಕೊಂಡಿದ್ದಾರಮ್ಮ ಎಂದೆ. ಆ ಹುಡುಗಿ "ಹಾಗಾದರೆ ಮನೆಯವರ ಫೋಟೋ ಕಳಿಸಿ ಸರ್" ಎಂದಳು. ಇಂಥವರ ಮೇಲೆ ಸಿಟ್ಟು ಮಾಡುವುದೂ ದಂಡ.

ಇನ್ನೊಂದು ಸುದ್ದಿ ಹೇಳಬೇಕು, ಅದು ಚೂರು ಒಳ್ಳೆಯದು. ಫಾರಮ್ಮು ಅಚ್ಚಾಗುವ ಮೊದಲು ನೀವು ನೋಡಿ ಎಂದು ಆ ಅಧಿಕಾರಿಯೇ ನನ್ನನ್ನು ಕೇಳಿದರು. ಶಾಲು, ಫೋಟೋ ಇಲ್ಲ ಎಂದರೆ ಬರುತ್ತೇನೆ ಎಂದೆ. ಈಗ ಪ್ರತಿ ಪ್ರಶ್ನೆಯನ್ನೂ ಮೊದಲು ಔರಾದಿನ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಮೂವರು ಮುದುಕರಿಗೆ ಓದಿ ಹೇಳುತ್ತೇನೆ. ಮೂವರಿಗೂ ಒಂದೇ ಅರ್ಥ ಹೊಳೆದರೆ ಮಾತ್ರ ಅದು ಅಚ್ಚಿಗೆ. ಬೀದರಿನ ಒಂದು ಕಾಲೇಜಿನಿಂದ ಕಿವಿ ಪರೀಕ್ಷೆ ಕಲಿಸುವ ಮೇಡಂ ತಿಂಗಳಿಗೊಮ್ಮೆ ತಾವೇ ಬರುತ್ತಾರೆ. ಬ್ಯಾನರಿಲ್ಲ, ಬಾಟಲಿಯಿಲ್ಲ. ಹಿಂದೆ ನಿಂತು ಪಿಸುಗುಟ್ಟುತ್ತಾರೆ, ನಮ್ಮ ಭರ್ತಿಯ ಡಾಕ್ಟರ ಹಾಗೇ. ಹೊರಗಿನವರು ಬರಲಿ ಎಂದು ನಾನು ಬರೆದದ್ದು ಇದಕ್ಕೆ, ಆ ಜಾತ್ರೆಗಲ್ಲ. ನಿನ್ನ ಡಬ್ಬಿಯನ್ನು ಭಾಬಿ ಬಿಚ್ಚಿಯೇ ಇಲ್ಲ. ಮೇಡಂ ಅದನ್ನು ನಾಮದೇವನ ಕಿವಿಗೆ ಹೊಂದಿಸಿ ಕೊಡುತ್ತೇನೆ ಎಂದಿದ್ದಾರೆ. ಭಾಬಿ ಒಪ್ಪಿದ್ದಾರೆ, ನೀನೂ ಒಪ್ಪುತ್ತೀ ಎಂದು ನನಗೆ ಗೊತ್ತು.

ಇವತ್ತು ಆ ಫೋನು ಇಟ್ಟ ಮೇಲೆ ಶಾಹೀನ ಬಂದಳು. ತವರಿಗೆ ಬಂದಿದ್ದಾಳೆ, ಆರು ತಿಂಗಳ ಬಸುರಿ. ನನ್ನ ಸಿಟ್ಟು ನೋಡಿ ಏನಾಯಿತು ಚಾಚಾ ಎಂದು ಕೇಳಿದಳು. ನಿನ್ನ ಕೊರಗನ್ನು ನಾನು ಆಕೆಗೆ ಯಾವತ್ತೂ ಹೇಳಿರಲಿಲ್ಲ. ಇವತ್ತು ತಡೆಯಲಿಲ್ಲ, ಹೇಳಿಬಿಟ್ಟೆ. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಚಾಚಾ, ಅವತ್ತು ನಾ ಏನೂ ಅನ್ನಲೇ ಇಲ್ಲ. ಅಬ್ಬಾ ಬಂದು ಕೇಳಿದ ಕೂಡ್ಲೇ ಅಳು ಬಂತು, ದನಿ ಹೊರಗ ಬರಲಿಲ್ಲ. ಬರೀ ಗೋಣು ಹಾಕ್ದೆ. ಅಷ್ಟಾದ್ರೂ ನಡೀತದ ಅಂತ ಸಾಕ್ಷಿಯವರು ಅಂದ್ರು. ಅಬ್ಬಾ ಆಮ್ಯಾಲರೆ ನನ್ನನ್ನ ಒಂದು ಮಾತು ಕೇಳಬಾರದಾಗಿತ್ತೇನು?"

ಕೇಳಬೇಕಿತ್ತು ಭಾಯಿ. ಸರ್ಕಾರವನ್ನು ಕೇಳಲು ನಿನಗೆ ತೊಂದರೆ ಇರಲಿಲ್ಲ, ಮಗಳನ್ನು ಕೇಳಲು ಇತ್ತು. ಆ ಕೋಣೆಯಲ್ಲಿ ಅವತ್ತು ಕೇಳುವಂಥ ಮಾತೇ ಇರಲಿಲ್ಲ. ಸಾಕ್ಷಿಗಳಿಗೆ ಎಷ್ಟು ಕೇಳಿತೋ ನಿನಗೂ ಅಷ್ಟೇ ಕೇಳಿತ್ತು.

ನಿನ್ನ ಕಾರಕೂನ,
ವೈಜಿನಾಥ