ಬಳೆ ಸಪ್ಪಳದ ರೊಟ್ಟಿ

ಚಿಕ್ಕೇರೂರು, ಗುರುವಾರ

ಮಗಳು ತನುಜಾಳಿಗೆ ಅಪ್ಪನ ಆಶೀರ್ವಾದ.

"ತಿಂಗಳದಾಗ ರೊಟ್ಟಿ ಕಲೀಲಿಲ್ಲಂದ್ರ ಸವಣೂರಿಗೆ ಬಂದು ನಮ್ಮ ಕೂಡ ಇರಬೇಕು" ಎಂದಿದ್ದೆಯಲ್ಲ, ಆ ಕಂಡೀಷನ್ ಕ್ಯಾನ್ಸಲ್.

ನೀನು ಬರೆದುಕೊಟ್ಟ ರೂಲ್ಸ್ ಗೋಡೆಗೆ ಅಂಟಿಸಿ, ಒಂದೊಂದೇ ಓದುತ್ತಾ ಬಡಿದೆ. ರೊಟ್ಟಿ ಹರಿಯುತ್ತಲೇ ಇತ್ತು. ಥಿಯರಿ ಫಸ್ಟ್ ಕ್ಲಾಸ್, ಪ್ರಾಕ್ಟಿಕಲ್ ಫೇಲ್. ಪಕ್ಕದ ಮನೆಯ ಅನ್ನವ್ವ, "ಕಾಕಾ, ಇದು ರೊಟ್ಟಿನೋ, ತಾಲೂಕಿನ ನಕಾಶಾನೋ?" ಎಂದು ನಕ್ಕಳು.

ನಿನ್ನೆ ಚಾಳೀಸು ಸಿಗಲಿಲ್ಲ. ಓದಲಾಗದೆ, ನಿಮ್ಮವ್ವ ಇದ್ದಾಗ ಬಡಿಯುತ್ತಿದ್ದುದನ್ನು ನೆನೆದೆ. ಎರಡು ಬಡಿತ, ಒಂದು ತಿರುವು, ಆಗ ಬಳೆ ಸಪ್ಪಳ. ನಲವತ್ತು ವರ್ಷ ಪೇಪರ್ ಓದುತ್ತಾ ಕೇಳಿದ್ದೆನಲ್ಲ! ಆ ತಾಳಕ್ಕೇ ಕೈ ಹೋಯಿತು. ರೊಟ್ಟಿ ದುಂಡಗೆ ಬಂತು, ಉಬ್ಬಿತು ಕೂಡ.

ರವಿವಾರ ಬಾ. ಬದನೆಕಾಯಿ ಪಲ್ಯವಷ್ಟೇ ತಾ. ಕೈತುಂಬ ಬಳೆ ಇಟ್ಟುಕೊಂಡು ಬಾ. ಒಂದು ರೊಟ್ಟಿ ನೀನು ಬಡಿ, ನಾನು ಪೇಪರ್ ಓದುತ್ತೇನೆ.

ನಿನ್ನ ಅಪ್ಪ,
ದ್ಯಾಮಪ್ಪ